ಮೂರನೇ ಕ್ಯಾಸೆಟ್ಟು

ಅಮಾಸಿಗೆ ಗುಳೇದಗುಡ್ಡದ ಮಗ್ಗಗಳು ಸುಮ್ಮನಾಗುತ್ತಿದ್ದವು.
ಓಣಿಯವರು ಎರಡೆರಡು ರೂಪಾಯಿ ಕೂಡಿಸಿ
ಟೀವಿ, ವಿಸಿಪಿ ಬಾಡಿಗೆಗೆ ತಂದರು.
ಮೊದಲನೇ ಕ್ಯಾಸೆಟ್ಟು ದೇವರದು,
ಹೆಂಗಸರು ಕೈಮುಗಿದು ನೋಡಿದರು.
ಎರಡನೆಯದು ಹೊಡೆದಾಟದ್ದು,
ಗಂಡಸರು ನೋಡಿ ಅಲ್ಲೇ ಮಲಗಿದರು.
ಮೂರನೆಯದು ಅಂಗಡಿಯವ ಪುಕ್ಕಟೆ ಕೊಟ್ಟದ್ದು,
ಚೀಟಿ ಹರಿದದ್ದು, ಇಂಗ್ಲಿಷಿನದು.

ಎಚ್ಚರವಿದ್ದವರು ನಾವು ಐದಾರು ಹುಡುಗರು,
ಸೊಲ್ಲಾಪುರದ ಮಿಲ್ಲು ಬಿಟ್ಟು ಬಂದ ಪರಪ್ಪ ಕಾಕಾ.
ಕಾಕಾನಿಗೆ ಇಂಗ್ಲಿಷು ಬರುತ್ತಿರಲಿಲ್ಲ.
ಆದರೂ ಒಂದು ಮಾತೂ ಬಿಡದೆ ಹೇಳಿದ.

ಮಂಜಿನ ಅಡವಿ. ಒಡೆದ ದೋಣಿ.
ಅಕ್ಕ, ತಮ್ಮ, ಮಾತು ಬಾರದ ಒಂದು ಕೂಸು.
ಅಕ್ಕನ ತುಟಿ ಅಲುಗಿತು. ಕಾಕಾ ಅಂದ:
"ಏ ತಮ್ಮಾ, ಅಳಬ್ಯಾಡ, ಕಟಗಿ ಆರಿಸ್ಕೊಂಡ ಬಾ.
ಅವ್ವ ಸಂತಿಗೆ ಹೋಗ್ಯಾಳ ಅಂತ ತಿಳ್ಕೊ."
ತಮ್ಮನ ತುಟಿ ಅಲುಗಿತು:
"ಅಕ್ಕಾ, ಇವತ್ತ ಸಂತಿ ಇಲ್ಲಲಾ."
ಆ ಹುಡುಗ ಖರೆ ಏನಂದನೋ.

ಅವರ ಕೂದಲು ಗೋವಿನಜೋಳದ ತೆನೆಯ ಜುಟ್ಟಿನ ಬಣ್ಣ,
ಆರು ದಿನವಾದರೂ ಬಾಚಿದಂತೆಯೇ ಇತ್ತು.
ಅವ್ವ ನಿದ್ದೆಗಣ್ಣಲ್ಲಿ ಎದ್ದು ನೋಡಿ
"ಆ ಕೂಸಿಗೆ ಎಣ್ಣಿ ಯಾರ ಹಚ್ತಾರ?" ಅಂದು
ಮಗ್ಗುಲಾದಳು.

ಮರದ ಹಿಂದೆ ಎರಡು ಕಣ್ಣು ಹೊಳೆದವು.
ಅಕ್ಕ ಉರಿಯುವ ಕೊಳ್ಳಿ ಎತ್ತಿದಳು.
ಕರೆಂಟು ಹೋಯಿತು.

ಬೆಳಗಾದರೂ ಬರಲಿಲ್ಲ.
ಎಂಟಕ್ಕೆ ಅಂಗಡಿಯ ಹುಡುಗ
ಟೀವಿಯನ್ನು ಸೈಕಲ್ಲಿಗೆ ಬಿಗಿದುಕೊಂಡು ಹೋದ.

ನನ್ನ ತಮ್ಮ ಹೊಳೆಬಸು, ಆಗ ಆರು ವರ್ಷದವ,
ಮುಂದಿನ ರೊಟ್ಟಿ ಮುಟ್ಟಲಿಲ್ಲ.
"ಕಾಕಾ, ಆ ಅಡವಿ ಎಲ್ಲೈತಿ?"
ಕಾಕಾ ಬೀಡಿ ಹಚ್ಚುತ್ತಿದ್ದ. "ಇಲ್ಲೇ, ಗುಡ್ಡದ ಆಚೀಕ."

ಖಣದ ತುಂಡಿನಲ್ಲಿ ರೊಟ್ಟಿ ಕಟ್ಟಿಕೊಂಡು ಹೋದೆವು.
ಗುಡ್ಡದ ಆಚೆ ಮಂಜಿರಲಿಲ್ಲ.
ಕಾದ ಬಂಡೆ, ಕಾರೆಕಂಟಿ, ನಲವತ್ತು ಕುರಿ,
ಕುರಿ ಕಾಯುವ ಮಾಳಿಂಗ, ಒಬ್ಬನೇ,
ಹತ್ತು ವರ್ಷದವನಿರಬೇಕು.

ಟೀವಿ ಅವನು ಕಂಡಿರಲಿಲ್ಲ.
ಕತೆಯನ್ನೆಲ್ಲ ಕೋಲಿಗೆ ಗದ್ದ ಊರಿ ಕೇಳಿದ.
"ಹೂಂ, ಅದಾರ. ಕೆಳಗ ಗವಿಯಾಗ ಅದಾರ.
ನಿಮ್ಮನ್ನ ಕಂಡ್ರ ಅಂಜ್ತಾವು. ನಾ ಕೊಡ್ತೀನಿ, ತಾ."
ಮರುದಿನ ಅವನ ತುಟಿಯಂಚಿಗೆ
ನಮ್ಮನೆಯ ಅಗಸಿ ಹಿಂಡಿ ಹತ್ತಿತ್ತು.
ನಾನು ನೋಡಿದೆ. ತಮ್ಮನಿಗೆ ಹೇಳಲಿಲ್ಲ.

ದಿನಾ ಸುದ್ದಿ ತರುತ್ತಿದ್ದ.
"ಕೂಸಿಗೆ ಜ್ವರ ಬಂದಿತ್ತ, ಕುರಿ ಹಾಲ ಕುಡಿಸೀನಿ."
"ಅಕ್ಕ ಕೇಳ್ಯಾಳ, ನಾಳಿ ಉಳ್ಳಾಗಡ್ಡಿ ತರಬೇಕಂತ."
ಒಂದು ದಿನ
"ಸಣ್ಣಾಂವ ರಾತ್ರಿ ಅವ್ವನ್ನ ನೆನಸಿ..." ಅಂದವನು
ಅಷ್ಟಕ್ಕೇ ನಿಲ್ಲಿಸಿ
ಎಣಿಸಿದ್ದ ಕುರಿಗಳನ್ನೇ ಮತ್ತೆ ಎಣಿಸಿದ.

ಮಿರಗದ ಮಳೆ ಬಿದ್ದ ಮರುದಿನ
ಕುರಿಯಿಲ್ಲ, ಮಾಳಿಂಗನಿಲ್ಲ.
ಬಂಡೆಯ ಮೇಲೆ ನಮ್ಮ ಖಣದ ತುಂಡುಗಳು,
ಒಗೆದು, ಮಡಚಿ, ಮೇಲೆ ಕಲ್ಲು ಹೇರಿ.
ಇಪ್ಪತ್ತೊಂದು.
ಹೊಳೆಬಸು ಗವಿಯ ಕಡೆ ನೋಡಿ
"ಅಕ್ಕ ಅದಾಳಲ್ಲ ಅವಕ್ಕ" ಅಂದ,
ನನ್ನ ಕೈ ಹಿಡಿದು ಇಳಿದ.

ಮೊನ್ನೆ ಮಗಳ ಮೊಬೈಲಿನಲ್ಲಿ ಹುಡುಕಿದೆ.
ದೋಣಿ, ಮಂಜು, ಕೂಸು ಅಂತೆಲ್ಲ ಬರೆದು.
ಸಿಕ್ಕಿತು. ಅದೇ ಕೊಳ್ಳಿ, ಎತ್ತಿದ ಅದೇ ಕೈ,
ಇನ್ನೂ ಇಪ್ಪತ್ತು ನಿಮಿಷ ಬಾಕಿ.
ಪವರ್‌ಲೂಮಿನ ಗದ್ದಲದಿಂದ ತಮ್ಮನನ್ನು ಹೊರಗೆ ಕರೆದೆ.
ಕಿವಿಯ ಮೇಲೆ ಅವನಿಗೂ ನರೆ ಬಂದಿದೆ.

"ಹಚ್ಚಬ್ಯಾಡ ಬಿಡಕ್ಕ" ಅಂದ.
"ಅದ್ರಾಗ ಅವರು ನಮ್ಮ ಮಾತ ಆಡೂದಿಲ್ಲ."
ಬಾಗಿಲವರೆಗೆ ಹೋಗಿ ತಿರುಗಿ ನಿಂತ,
ಕೈಯಲ್ಲಿ ಬಣ್ಣದ ಎಳೆ ಸುತ್ತಿಕೊಳ್ಳುತ್ತ:
"ಮಾಳಿಂಗನ್ನ ಹುಡುಕಾಕ ಬರ್ತೈತೇನ ಅದ್ರಾಗ?"